ತೆಂಗಿನಕಾಯಿ ಪೆಟ್ಟು, ಕರಿಸಿದ್ದಪ್ಪನ ಕೊಡತಿ

ಕೂಡ್ಲಿಗಿಯಲ್ಲಿ ಬೆಳಗಿನ ಆರೂವರೆ. ಕೊಟ್ಟೂರು ರಸ್ತೆಯ ತಗಡಿನ ಶೆಡ್ಡಿನ ಮುಂದೆ ಕರಿಸಿದ್ದಪ್ಪ, ವಿದೇಶಿ ಕಾರಿನಿಂದ ಬಿಚ್ಚಿದ ಬಾನೆಟ್ಟಿಗೆ ಕೆನ್ನೆ ತಾಗುವಷ್ಟು ಬಗ್ಗಿದ್ದಾರೆ. ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಮಾತ್ರ ನೆಗ್ಗಿನ ನೆರಳು ಕಾಣುತ್ತದಂತೆ. "ಹೊತ್ತೇರಿದರ ಎಲ್ಲಾ ಸಪಾಟ ಕಾಣತೈತ್ರಿ, ಕಣ್ಣು ಸುಳ್ಳು ಹೇಳತಾವ," ಎನ್ನುತ್ತಾರೆ.

ಐವತ್ತೆಂಟರ ಈ ಟಿಂಕರಿಂಗ್ ಕೆಲಸಗಾರರ ಕೈಗೆ ದಿನಕ್ಕೆ ಎರಡು ಮೂರು ಗಾಡಿ ಬರುತ್ತವೆ. ಹೆಚ್ಚಿನವು ಟ್ರ್ಯಾಕ್ಟರು, ಲಾರಿ. ಮೂವತ್ತು ವರ್ಷ ತಗಡು ಬಡಿದು ಎಡಗಿವಿ ಮಂದವಾಗಿದೆ. ಪತ್ರಿಕೆಗೆ ಬರೆಯಲು ಬಂದ ನಾನು ಎಡಕ್ಕೆ ಕೂತು ಕೇಳಿದ ಮೊದಲ ನಾಲ್ಕು ಪ್ರಶ್ನೆ ಗಾಳಿಗೆ ಹೋದವು. ಗಣಿ ದುಡ್ಡಿನ ಈ ವರ್ಷಗಳಲ್ಲಿ ಹೆದ್ದಾರಿಯಲ್ಲಿ ಇಂಥ ಕಾರುಗಳು ಸರ್ರನೆ ಹೋಗುವುದುಂಟು, ಶೆಡ್ಡಿಗೆ ಬಂದದ್ದು ಇದೇ ಮೊದಲು.

ಕಾರು ಕೊಟ್ಟೂರಿನ ಮೆಕ್ಕೆಜೋಳದ ವ್ಯಾಪಾರಿ ಗುರುಸಂಗಪ್ಪನವರದು. ನಾಲ್ಕೂ ಚಕ್ರ ಎಳೆಯುವ, ಮನೆಮಂದಿಯೆಲ್ಲ ಕಾಲು ಚಾಚಿ ಕೂರುವ ಈ ಐಷಾರಾಮಿ ಗಾಡಿ ತಂದದ್ದೇ ತಾಯಿ ನಾಗಲಿಂಗಮ್ಮನವರನ್ನು ಉಚ್ಚಂಗಿದುರ್ಗ, ಮೈಲಾರ ಸುತ್ತಿಸಲು. ಆಯುಧಪೂಜೆಯ ದಿನ ಅಜ್ಜಿ, ಟ್ರ್ಯಾಕ್ಟರಿನ ಬಂಪರಿಗೆ ಒಡೆದ ರೂಢಿಯಲ್ಲೇ, ಕಾರಿನ ಮೂತಿಗೂ ತೆಂಗಿನಕಾಯಿ ಅಪ್ಪಳಿಸಿದರು. ಕಾಯಿ ಒಡೆಯಲಿಲ್ಲ, ಬಾನೆಟ್ಟು ನೆಗ್ಗಿತು. "ನಾ ಕೆಡಿಸಿದ ಗಾಡಿ, ನಾ ಹತ್ತಂಗಿಲ್ಲ," ಎಂದು ಅಂದಿನಿಂದ ಹಟ ಹಿಡಿದಿದ್ದಾರೆ. ಹೊಸ ಬಾನೆಟ್ಟು ಹಾಕಿಸುತ್ತೇನೆಂದು ಮಗ ಅಂದರೆ, ತನ್ನಿಂದ ದಂಡವಾಯಿತೆಂದು ಅವರಿಗೆ ಇನ್ನಷ್ಟು ಸಂಕಟ.

"ಜರ್ಮನಿ ಗಾಡಿ, ಹುಷಾರಪ್ಪಾ," ಎಂದರಂತೆ ಗುರುಸಂಗಪ್ಪ. ಕರಿಸಿದ್ದಪ್ಪ ಬೆರಳಲ್ಲಿ ತಟ್ಟಿ, "ಹೌದ್ರಿ ಸಾವ್ಕಾರ್ರ, ಜರ್ಮನ್ನೇ ಐತಿ," ಎಂದರು. ಬಾನೆಟ್ಟು ಅಲ್ಯೂಮಿನಿಯಮ್ಮಿನದು; ಇಲ್ಲಿ ಅಲ್ಯೂಮಿನಿಯಂ ಪಾತ್ರೆಗೆ ಜರ್ಮನ್ ಪಾತ್ರೆ ಎಂದೇ ಹೆಸರು. ಕರಿಸಿದ್ದಪ್ಪನವರ ಅಪ್ಪ ಸಂತೆಗಳಲ್ಲಿ ಅಂಥ ಬೋಗುಣಿಗಳ ನೆಗ್ಗು ತೆಗೆಯುತ್ತಿದ್ದರು. ಮಗನ ಕೈಗೆ ಆ ವಿದ್ಯೆ ಉಳಿದಿದೆ.

"ಕಬ್ಬಿಣ ಆದ್ರ ಕೆಂಪಾಗಿ ಹೇಳತೈತಿ. ಇದು ಹೇಳಂಗಿಲ್ಲ, ಒಮ್ಮೆಗೇ ಕರಗಿ ತೂತು ಬೀಳತೈತಿ. ಅದಕ್ಕ ಸಾಬೂನು ಸವರದು. ಸಾಬೂನು ಕಂದು ಬಣ್ಣಕ್ಕ ಬಂತಂದ್ರ ಬೆಂಕಿ ಸಾಕು." ಬೆಂಕಿ ತೋರಿಸಿ, ಮರದ ಕೊಡತಿಯಿಂದ ಒಳಗಿನಿಂದ ಮೆಲ್ಲಗೆ ತಟ್ಟುತ್ತಾರೆ. ಒಂದು ಪೆಟ್ಟು ಹೆಚ್ಚಾದರೆ ಅಜ್ಜಿಯ ಹಟಕ್ಕೆ ಮದ್ದೇ ಇಲ್ಲ.

ಐದನೇ ದಿನ, ಬಣ್ಣ ಒಣಗಿದ ಮೇಲೆ, ಮಗನ ಜೊತೆ ನಾಗಲಿಂಗಮ್ಮ ಬರುತ್ತಾರೆ. ಬಾನೆಟ್ಟಿನ ತುಂಬ ಕೈಯಾಡಿಸುತ್ತಾರೆ. ಮತ್ತೆ ಆಡಿಸುತ್ತಾರೆ.

"ನಾ ಎಲ್ಲಿ ಹೊಡದಿದ್ನೋ ತಮ್ಮಾ?"

"ನನಗೂ ನೆನಪಿಲ್ಲ ಬಿಡಬೇ ಯವ್ವಾ," ಎನ್ನುತ್ತಾರೆ ಕರಿಸಿದ್ದಪ್ಪ.

ಅಜ್ಜಿ ಸೆರಗು ಸಾವರಿಸಿಕೊಂಡು ಹಿಂದಿನ ಸೀಟು ಹತ್ತುತ್ತಾರೆ. ಕಾರು ಹೊರಡುತ್ತದೆ. ಪತ್ರಿಕೆಯಲ್ಲಿ ಏನು ಬರೆಯಲಿ ಎಂದು ನಾನು ಕೇಳುತ್ತೇನೆ, ಈ ಸಲ ಬಲಗಿವಿಯ ಹತ್ತಿರ.

"ನನ್ನ ಹೆಸರು ಬರೀರಿ. ಆದ್ರ ನೆಗ್ಗು ಯಾವ ಮಗ್ಗಲಿಗಿತ್ತಂತ ಬರೀಬ್ಯಾಡ್ರಿ. ಮೊಮ್ಮಕ್ಕಳು ಆ ಯವ್ವಗ ಓದಿ ಹೇಳ್ಯಾರು."