ಮಗ್ಗವಿಲ್ಲದ ಕೋಣೆ

ಅವಳನ್ನು ಎಲ್ಲರೂ ಗುಂಡಿಯಮ್ಮ ಎಂದೇ ಕರೆಯುತ್ತಿದ್ದರು. ಮೊದಲ ಸಲ ಕೇಳಿದವರು, ಪಾಪ, ಎಲ್ಲೋ ಗುಂಡಿಗೆ ಬಿದ್ದು ಎದ್ದವಳಿರಬೇಕು ಅಂದುಕೊಳ್ಳುತ್ತಿದ್ದರು. ಅದು ಹಾಗಲ್ಲ. ಅವಳ ಹತ್ತಿರ ಹಳೆಯ ಬಿಸ್ಕತ್ತಿನ ಡಬ್ಬಿಯ ತುಂಬ ಅಂಗಿಯ ಗುಂಡಿಗಳಿದ್ದವು. ದರ್ಜಿಯ ಮನೆಯಲ್ಲಿ ಹುಟ್ಟಿ ದರ್ಜಿಯನ್ನೇ ಕಟ್ಟಿಕೊಂಡವಳು ಅವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನನ್ನು ಮೈದುನ ಹೊತ್ತುಕೊಂಡು ಹೋದ. ಗುಂಡಿಯ ಡಬ್ಬಿಯನ್ನು ಯಾರೂ ಕೇಳಲಿಲ್ಲ, ಅದು ಇವಳ ಪಾಲಿಗೆ ಉಳಿಯಿತು.

ಕೆಲಸ ಸಿಕ್ಕಿದ್ದು ನೇಯ್ಗೆ ಕಾರ್ಖಾನೆಯಲ್ಲಿ. ನೇಯುವುದಕ್ಕಲ್ಲ. ಅಂಗಳದ ಆಚೆ ಬದಿಗೆ ಮೊದಲು ನೂಲು ತುಂಬಿಡುತ್ತಿದ್ದ ಒಂದು ಕೋಣೆಯಿತ್ತು. ನೇಯುವ ಹೆಂಗಸರು ತಮ್ಮ ಚಿಕ್ಕ ಮಕ್ಕಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು, ಇವಳು ನೋಡಿಕೊಳ್ಳುತ್ತಿದ್ದಳು. ಗೋಡೆಗೆ ಸಾಲಾಗಿ ಮೊಳೆ, ಪ್ರತಿ ಮೊಳೆಯಲ್ಲಿ ಒಂದು ಮಗುವಿನ ಚೀಲ. ಯಾವುದು ಯಾರದೆಂದು ಗೊತ್ತಾಗಬೇಕಲ್ಲ. ಓದು ಮಕ್ಕಳಿಗೂ ಬರದು, ಇವಳಿಗೂ ಅಷ್ಟಕ್ಕಷ್ಟೆ. ಅದಕ್ಕೇ ಮೊಳೆಗೊಂದು ಬಟ್ಟೆಯ ಪಟ್ಟಿ ಕಟ್ಟಿ, ಪಟ್ಟಿಗೊಂದು ಗುಂಡಿ ಹೊಲಿದಿದ್ದಳು. ಮಗು ಬಂದ ದಿನವೇ ಡಬ್ಬಿಯನ್ನು ಅದರ ಮುಂದೆ ಸುರಿಯುತ್ತಿದ್ದಳು. ಮಗು ಆರಿಸಿಕೊಂಡ ಗುಂಡಿ ಅದರದು. ಮಗು ದೊಡ್ಡದಾಗಿ ಶಾಲೆಗೆ ಹೊರಟ ದಿನ ದಾರ ಕತ್ತರಿಸಿ, ಆ ಗುಂಡಿಯನ್ನು ಅದರ ಅಂಗೈಗೆ ಹಾಕಿ ಕಳಿಸುತ್ತಿದ್ದಳು.

ಮಗ್ಗದ ಶೆಡ್ಡಿನೊಳಗೆ ಅವಳು ಕಾಲಿಟ್ಟವಳೇ ಅಲ್ಲ. ಆ ಸದ್ದು ಅವಳಿಗಾಗದು. ಏನಾದರೂ ಹೇಳುವುದಿದ್ದರೆ ಬಾಗಿಲಾಚೆ ನಿಂತು, ಯಾರಾದರೂ ಹೊರಗೆ ಬರುವ ತನಕ ಕಾಯುತ್ತಿದ್ದಳು.

ಪಟಾಕಿ ಬಂದದ್ದು ಹೀಗಿರುವಾಗ. ಪಟಾಕಿ ಅಂದರೆ ಹುಡುಗಿ, ನಾಲ್ಕು ಇನ್ನೂ ತುಂಬಿರಲಿಲ್ಲ. ಆ ಹೆಸರು ಬಂದದ್ದು ಆಮೇಲೆ. ಅವಳ ಅಮ್ಮ ಮೊದಲು ಬೇರೆ ಕಡೆ, ಒಂದು ಚಿಕ್ಕ ಶೆಡ್ಡಿನಲ್ಲಿ ನೇಯುತ್ತಿದ್ದಳು. ಅದು ಮುಚ್ಚಿತು, ಇಲ್ಲಿಗೆ ಬಂದಳು. ಅಪ್ಪ ಲಾರಿ ಓಡಿಸುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಹುಡುಗಿ ಡಬ್ಬಿಯೆಲ್ಲ ಕೆದಕಿ, ದಪ್ಪ ಕೋಟಿನ ಕರಿಗುಂಡಿಯೊಂದನ್ನು ಆರಿಸಿಕೊಂಡಳು.

ಮೊದಲ ದಿನವೇ, ಕೂತು ಹೊಲಿಯುತ್ತಿದ್ದ ಗುಂಡಿಯಮ್ಮನ ಬೆನ್ನಿಗೆ ಹಿಂದಿನಿಂದ ಬಂದು ಧಡ್ ಎಂದು ಗುದ್ದಿದಳು. ಸೂಜಿ ಬೆರಳಿಗೆ ಚುಚ್ಚಿತು.

"ಅಯ್ಯಯ್ಯೋ! ಏನೇ ಇದು?"

ಹುಡುಗಿ ಓಡಲಿಲ್ಲ. ಮುಖ ಮೇಲೆತ್ತಿ ನಿಂತು, ಬಾಯನ್ನು ಅಗಲವಾಗಿ ತೆರೆದು ಮುಚ್ಚಿ ಮಾಡಿದಳು. ಸ್ವರವಿಲ್ಲ.

"ಅಣಕಿಸ್ತೀಯಾ? ಹೊಡೆದದ್ದಲ್ದೆ ಅಣಕ ಬೇರೆ!" ಎಂದು ಗುಂಡಿಯಮ್ಮ ಅವಳನ್ನು ಮೂಲೆಯಲ್ಲಿ ಕೂರಿಸಿದಳು.

ಮಾತು ಬರುವುದಿಲ್ಲವೆಂದಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮಗ್ಗಗಳು ನಿಂತು, ಅಮ್ಮಂದಿರು ಬುತ್ತಿ ಹಿಡಿದು ಬಂದಾಗ ಅವಳು ಚಿನ್ನದಂಥ ಮಗು. ಗಿಳಿಯ ಹಾಗೆ ಮಾತು. ಯಾರನ್ನೂ ಮುಟ್ಟುತ್ತಿರಲಿಲ್ಲ. ಅಮ್ಮ ಅತ್ತ ಹೋಗಿ ಮಗ್ಗಗಳ ಗಡಗಡ ಅಂಗಳ ದಾಟಿ ಕೋಣೆಗೆ ಬರತೊಡಗಿತೋ, ಇವಳ ಮುಷ್ಟಿ ಮತ್ತೆ ಬಿಗಿಯಿತು. ಅಮ್ಮನಿಲ್ಲದ ಸಿಟ್ಟು ಅಂದುಕೊಂಡಳು ಗುಂಡಿಯಮ್ಮ. ಎಲ್ಲರೂ ಹಾಗೆಯೇ ಅಂದುಕೊಂಡರು.

ದಿನಗಳು ಕಳೆದಂತೆ ಅದು ಹೆಚ್ಚಾಯಿತು. ಗುದ್ದಿಸಿಕೊಂಡ ಮಕ್ಕಳು ತಿರುಗಿ ಗುದ್ದಿದರು. ಮೂಲೆಯಲ್ಲಿ ಕೂತೆದ್ದ ಹುಡುಗಿ ಈಗ ನಿಜವಾಗಿಯೂ ಸಿಟ್ಟಿನಿಂದಲೇ ಒದೆಯತೊಡಗಿದಳು, ಹಿಡಿಯಲು ಹೋದವರ ಕೈ ಕಚ್ಚತೊಡಗಿದಳು. ಪಟಾಕಿ ಎಂಬ ಹೆಸರು ಬಿತ್ತು. ಅಮ್ಮನಿಗೆ ಹೇಳಿದ್ದಾಯಿತು. ಅವಳು ಎಲ್ಲರೆದುರೇ ಮಗಳ ಬೆನ್ನಿಗೆ ಎರಡು ಬಿಗಿದು, "ಇನ್ನೊಬ್ರಿಗೆ ಹೊಡೀತೀಯಾ? ಹೊಡೀತೀಯಾ?" ಎಂದು ಕೇಳಿದಳು.

"ಹೊಡೀಬಾರ್ದು ಅಂತ ಹೊಡೆದು ಹೇಳಿಕೊಟ್ರೆ ಯಾವ ಮಗು ಕಲಿಯುತ್ತೆ ಕಣೇ? ಬಿಡು ಅದನ್ನ," ಎಂದಳು ಗುಂಡಿಯಮ್ಮ. ಹಾಗೆಂದಳೇ ಹೊರತು, ಇನ್ನು ಹೇಗೆ ಹೇಳಿಕೊಡಬೇಕೆಂದು ಅವಳಿಗೂ ತೋಚಿರಲಿಲ್ಲ.

ಆಮೇಲೆ ದುಂಡನ ಸರದಿ ಬಂತು. ದುಂಡ ಅಂದರೆ ಶೆಡ್ಡಿನ ಮೇಸ್ತ್ರಿಯ ಮೊಮ್ಮಗ, ಯಾರ ತಂಟೆಗೂ ಹೋಗದೆ ಬಾಗಿಲ ಬಳಿ ಕೂತು ಖಾಲಿ ಕಂಡಿಕೆಗಳನ್ನು ಜೋಡಿಸಿ ರೈಲು ಮಾಡುವವನು. ಕಂಡಿಕೆ ಅಂದರೆ ಲಾಳಿಯೊಳಗೆ ಇಡುವ ನೂಲಿನ ಕಡ್ಡಿ. ಪಟಾಕಿ ಹಿಂದಿನಿಂದ ಬಂದು ಅವನ ಬೆನ್ನಿಗೆ ಗುದ್ದಿದಳು. ಅವನು ಹೊಸ್ತಿಲ ಮೇಲೆ ಮುಖ ಕೆಳಗಾಗಿ ಬಿದ್ದ. ಹಲ್ಲು ತಾಗಿ ಕೆಳತುಟಿ ಸೀಳಿತು. ಅಂಗಿಯ ಮುಂಭಾಗವೆಲ್ಲ ರಕ್ತ.

ಮೇಸ್ತ್ರಿ ಬಂದ. ಹುಡುಗನಾಗಿದ್ದಾಗಿನಿಂದ ಮಗ್ಗದ ನಡುವೆಯೇ ಬದುಕಿ ಅವನ ಕಿವಿ ಮುಕ್ಕಾಲು ಪಾಲು ಹೋಗಿತ್ತು. ಪಕ್ಕದಲ್ಲಿ ಕೂತವರಿಗೂ ಊರಾಚೆಯವರಿಗೆ ಹೇಳುವ ಹಾಗೆ ಕೂಗಿ ಹೇಳುತ್ತಿದ್ದ.

"ಅಕ್ಕಾ, ನಂಗೆ ಆ ಮಗೂ ಮೇಲೆ ಹಗೆ ಇಲ್ಲ. ಆದ್ರೆ ಎಲ್ಲಾ ತಾಯಂದ್ರೂ ನನ್ನ ಮುಖ ನೋಡ್ತಾರೆ. ಈ ವಾರ ಮುಗಿಯೋದ್ರೊಳಗೆ ಸರಿಹೋದ್ರೆ ಸರಿ. ಇಲ್ದಿದ್ರೆ ಅದನ್ನ ಇಲ್ಲಿಗೆ ಕರ್ಕೊಂಡು ಬರೋದು ಬೇಡ."

ಪಟಾಕಿಯ ಅಮ್ಮ ಪಕ್ಕದಲ್ಲೇ ನಿಂತಿದ್ದಳು. ಮೇಸ್ತ್ರಿ ಹೋದ ಮೇಲೆ, "ಇವಳನ್ನ ಇಲ್ಲಿಂದ ಬಿಡಿಸಿದ್ರೆ ನಾನೂ ಮಗ್ಗ ಬಿಟ್ಟು ಮನೇಲಿ ಕೂರ್ಬೇಕು, ಗುಂಡಿಯಮ್ಮ," ಎಂದಳು. "ನೋಡಿಕೊಳ್ಳೋಕೆ ನಂಗೆ ಅತ್ತೇನೂ ಇಲ್ಲ, ಅಮ್ಮನೂ ಇಲ್ಲ. ಎಲ್ಲಿ ಬಿಡ್ಲಿ?" ಅಳಲಿಲ್ಲ. ಕರಿಗುಂಡಿಯನ್ನು ಬೆರಳಲ್ಲಿ ಹಿಡಿದು ತಿರುವುತ್ತ ನಿಂತಿದ್ದಳು, ದಾರ ಸಡಿಲವಾಯಿತು. ಗುಂಡಿಯಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಶಾಲೆಗಲ್ಲದೆ ಬೇರೆ ಯಾವುದಕ್ಕೂ ಅವಳು ಆ ತನಕ ಒಂದು ಗುಂಡಿಯ ದಾರವನ್ನೂ ಕತ್ತರಿಸಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ಪಟಾಕಿ ಮತ್ತೆ ಗುದ್ದಿದಳು. ಗುಂಡಿಯಮ್ಮ ಕೈ ಹಿಡಿದುಕೊಂಡದ್ದಕ್ಕೆ ಅವಳ ಮಣಿಕಟ್ಟಿಗೇ ಹಲ್ಲು ಊರಿದಳು. ಮುದುಕಿಗೆ ಸಾಕುಸಾಕಾಯಿತು. ಪಕ್ಕದಲ್ಲಿ ನೂಲು ಸುತ್ತುತ್ತಿದ್ದ ಹೆಂಗಸನ್ನು ಬಾಗಿಲಲ್ಲಿ ಕೂರಿಸಿ, ಅಂಗಳ ದಾಟಿ, ಶೆಡ್ಡಿನ ಹೊರಗೆ ನಿಂತಳು. ಯಾರೂ ಹೊರಗೆ ಬರಲಿಲ್ಲ. ಕಡೆಗೆ ಕಿವಿ ಮುಚ್ಚಿಕೊಂಡು ಒಳಗೇ ಹೋದಳು.

ಸದ್ದು ಅಂದರೆ ಅದು ಕಿವಿಯಿಂದ ಕೇಳುವ ಸದ್ದಲ್ಲ, ಅಂಗಾಲಿನಿಂದ ಹತ್ತಿ ಹಲ್ಲಿನ ಬೇರಿಗೆ ಬರುವ ಸದ್ದು. ಸಾಲು ಸಾಲು ಮಗ್ಗ, ಲಾಳಿ ಆ ಕಡೆಯಿಂದ ಈ ಕಡೆ ಹಾರುತ್ತಿದೆ, ಗಾಳಿಯಲ್ಲೆಲ್ಲ ಹತ್ತಿಯ ಧೂಳು. ಪಟಾಕಿಯ ಅಮ್ಮ ಇವಳಿಗೆ ಬೆನ್ನು ಮಾಡಿ ನಿಂತಿದ್ದಳು. ಗುಂಡಿಯಮ್ಮ ಕೂಗಿದಳು. ತನ್ನ ಕೂಗು ತನಗೇ ಕೇಳಲಿಲ್ಲ. ಇನ್ನಷ್ಟು ಕೂಗಿದಳು, ಗಂಟಲು ಉರಿಯಿತೇ ಹೊರತು ಏನೂ ಆಗಲಿಲ್ಲ.

ಅಷ್ಟರಲ್ಲಿ ಅವಳ ಬೆನ್ನಿಗೆ ಧಡ್ ಎಂದು ಒಂದು ಗುದ್ದು ಬಿತ್ತು.

ಗಾಬರಿಬಿದ್ದು ತಿರುಗಿದಳು. ನೇಯುವ ಹಿರಿಯಳೊಬ್ಬಳು ನಗುತ್ತ ನಿಂತಿದ್ದಳು. ಮುಖ ಮೇಲೆತ್ತಿ, ಬಾಯನ್ನು ಅಗಲವಾಗಿ ತೆರೆದು ಮುಚ್ಚಿ ಮಾಡಿದಳು. ಸ್ವರವಿಲ್ಲ. ಯಾರು ಬೇಕು ಎಂದು ಕೇಳುತ್ತಿದ್ದಳು. ಗುಂಡಿಯಮ್ಮ ಕೈ ತೋರಿಸಿದಳು. ಹಿರಿಯಳು ಹೋಗಿ ಪಟಾಕಿಯ ಅಮ್ಮನ ಬೆನ್ನಿಗೆ ಹಾಗೆಯೇ ಒಂದು ಗುದ್ದಿದಳು. ಆಕೆ ಸಿಟ್ಟಾಗಲಿಲ್ಲ, ಬೆಚ್ಚಲೂ ಇಲ್ಲ. ಯಾರೋ ಹೆಸರು ಹಿಡಿದು ಕರೆದರೆ ತಿರುಗುವ ಹಾಗೆ ತಿರುಗಿದಳು.

ಗುಂಡಿಯಮ್ಮ ಅಲ್ಲೇ ನಿಂತುಬಿಟ್ಟಳು. ದೂರು ಹೇಳಲು ಬಂದವಳು ದೂರನ್ನೇ ಮರೆತಳು. ಅಮ್ಮನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದಳು.

"ಹಳೇ ಶೆಡ್ಡಲ್ಲಿ ನೇಯೋವಾಗ ಮಗೂನ ಎಲ್ಲಿ ಇಡ್ತಿದ್ದೆ?"

"ಎಲ್ಲಿ ಅಂದ್ರೆ? ಮಗ್ಗದ ಪಕ್ಕದಲ್ಲೇ. ಕಂಡಿಕೆ ಪೆಟ್ಟಿಗೇಲಿ ಕೂರಿಸ್ತಿದ್ದೆ. ಚಿಕ್ಕ ಶೆಡ್ಡು, ಬೇಡ ಅನ್ನೋರು ಯಾರೂ ಇರ್ಲಿಲ್ಲ. ನಡೆಯೋಕೆ ಶುರು ಮಾಡಿದ್ಮೇಲೂ ಸೊಂಟಕ್ಕೆ ದಾರ ಕಟ್ಟಿ ಅಲ್ಲೇ ಇಟ್ಕೊಂಡಿದ್ದೆ."

"ನಿನ್ನನ್ನ ಹೇಗೆ ಕರೀತಿದ್ಲು?"

ಅಮ್ಮ ತನ್ನ ಬೆನ್ನನ್ನೇ ಮುಟ್ಟಿಕೊಂಡಳು. "ಗುದ್ದಿ," ಎಂದಳು. "ಈಗ್ಲೂ ಹಾಗೇ ಕರೀತಾಳೆ, ಹೊರಗೆ ಏನಾದ್ರೂ ಸದ್ದಿದ್ರೆ. ನಂಗದು ಹೊಡೆತ ಅಂತ ಅನ್ನಿಸ್ಲೇ ಇಲ್ವಲ್ಲಾ!"

ಗುಂಡಿಯಮ್ಮ ಕೋಣೆಗೆ ಮರಳಿ ತನ್ನ ಮಣೆಯ ಮೇಲೆ ಬೆನ್ನು ತಿರುಗಿಸಿಯೇ ಕೂತಳು. ಕಾದಳು. ತುಂಬ ಹೊತ್ತಾಗಲಿಲ್ಲ. ಧಡ್ ಎಂದು ಬಿತ್ತು. ಬೈಯಲಿಲ್ಲ, ಮೆಲ್ಲನೆ ತಿರುಗಿ, ಆ ಹಿರಿಯಳ ಹಾಗೆಯೇ ಬಾಯನ್ನು ಅಗಲಿಸಿ ಸ್ವರವಿಲ್ಲದೆ ಕೇಳಿದಳು: ಏನು?

ಹುಡುಗಿಯ ಕಣ್ಣು ಅರಳಿತು. ಬಾಯಿ ಆಡಿತು. ಗುಂಡಿಯಮ್ಮನಿಗೆ ಮೊದಲು ತಿಳಿಯಲಿಲ್ಲ, ಇನ್ನೊಮ್ಮೆ ಆಡಿತು. ನೀರು. ಅವಳಿಗೆ ನೀರು ಬೇಕಿತ್ತು. ಬಂದ ಮೊದಲ ದಿನವೂ ಅಷ್ಟೇ ಕೇಳಿರಬೇಕು.

ಗುಂಡಿಯಮ್ಮ ಲೋಟ ತುಂಬಿ ಕುಡಿಸಿದಳು. ಆಮೇಲೆ ಯೋಚನೆಗೆ ಬಿದ್ದಳು. ಮಗು ಕರೆದದ್ದೇ ನಿಜ. ಆದರೆ ದುಂಡನ ತುಟಿ ಸೀಳಿದ್ದೂ ನಿಜವೇ. ಪಾಪ, ಅದಕ್ಕೇನು ಗೊತ್ತು ಎಂದು ಬಿಟ್ಟರೆ ನಾಳೆ ಇನ್ನೊಂದು ಮಗುವಿನ ಹಲ್ಲು ಮುರಿದೀತು. ಈಗಂತೂ ಅರ್ಧ ಗುದ್ದು ಕರೆಯುವುದಕ್ಕೆ, ಅರ್ಧ ಗುದ್ದು ಸಿಟ್ಟಿಗೆ; ಯಾವುದು ಯಾವುದೆಂದು ಮಗುವಿಗೇ ಗೊತ್ತಿರಲಿಕ್ಕಿಲ್ಲ.

ಹುಡುಗಿಯ ಮುಷ್ಟಿಯನ್ನು ಹಿಡಿದು, ಬೆರಳು ಬೆರಳಾಗಿ ಬಿಡಿಸಿ, ಅಂಗೈಯನ್ನು ತನ್ನ ಹೆಗಲ ಮೇಲೆ ಇಟ್ಟುಕೊಂಡಳು.

"ಇಲ್ಲಿ ಮಗ್ಗ ಇಲ್ಲ, ಮಗಾ. ಮಗ್ಗ ಅಲ್ಲಿದೆ. ಇಲ್ಲಿ ಹೀಗೆ. ಹೀಗೆ ಇಟ್ರೆ ಅಜ್ಜಿ ತಿರುಗ್ತಾಳೆ. ಗುದ್ದಿದ್ರೆ ತಿರುಗೋದಿಲ್ಲ."

ಹೇಳಿದ್ದು ಸುಲಭ. ನಡೆಸುವ ಕಷ್ಟ ಅವಳ ಬೆನ್ನಿಗೇ ಗೊತ್ತು. ಪಟಾಕಿ ಗುದ್ದಿದಳು, ಗುಂಡಿಯಮ್ಮ ತಿರುಗಲಿಲ್ಲ. ಮತ್ತೆ ಗುದ್ದಿದಳು, ಅತ್ತಳು, ಚೀರಿದಳು, ಗುಂಡಿಯ ಡಬ್ಬಿಯನ್ನು ಒದ್ದು ಕೋಣೆಯ ತುಂಬ ಹರಡಿದಳು. ಗುಂಡಿಯಮ್ಮ ಗೋಡೆಯನ್ನೇ ನೋಡುತ್ತ ಕೂತಿದ್ದಳು. ಚೀರಾಟ ನಿಂತು, ಬಹಳ ಹೊತ್ತಿನ ಮೇಲೆ, ಬೆವರಿದ ಪುಟ್ಟ ಅಂಗೈಯೊಂದು ಹೆಗಲ ಮೇಲೆ ಬಂದು ಕೂತಿತು. ಆ ಕ್ಷಣವೇ ತಿರುಗಿದಳು, ಅರೆಗಳಿಗೆಯೂ ತಡಮಾಡಲಿಲ್ಲ. ಇಬ್ಬರೂ ಸೇರಿ ಗುಂಡಿ ಹೆಕ್ಕಿದರು.

ಪಟಾಕಿ ಬೇರೆ ಮಕ್ಕಳಿಗೆ ಕೈಮಾಡಿದಾಗ ಮಾತ್ರ ಗುಂಡಿಯಮ್ಮ ಬೆನ್ನು ತಿರುಗಿಸಿ ಕೂರಲಿಲ್ಲ. ನಡುವೆ ಹೋಗಿ, ಎತ್ತಿ ತಂದು, ತನ್ನ ಮೊಣಕಾಲುಗಳ ನಡುವೆ ಕೂರಿಸಿ, ಎರಡೂ ಕೈ ಹಿಡಿದುಕೊಳ್ಳುತ್ತಿದ್ದಳು. ಬೈಗುಳವಿಲ್ಲ, ಬುದ್ಧಿವಾದವಿಲ್ಲ. ಉಸಿರು ತಣ್ಣಗಾದ ಮೇಲೆ ಒದ್ದೆ ಬಟ್ಟೆ ಕೊಟ್ಟು, "ನಡಿ, ಎಲ್ಲಿ ನೋವಾಯ್ತು ನೋಡೋಣ," ಎಂದು ಪೆಟ್ಟು ತಿಂದ ಮಗುವಿನ ಬಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಎಷ್ಟು ಸಿಟ್ಟಿದ್ದರೂ ಆ ಬಟ್ಟೆಯನ್ನು ಪಟಾಕಿಯೇ ಇಡಬೇಕು.

ಇದನ್ನೆಲ್ಲ ನೋಡಿದ ಬೇರೆ ಮಕ್ಕಳಿಗೆ ಅದೊಂದು ಆಟವಾಗಿಬಿಟ್ಟಿತು. ಸಾಲುಗಟ್ಟಿ ಬಂದು ಹೆಗಲ ಮೇಲೆ ಕೈಯಿಡುವುದೇ ಇಡುವುದು.

"ಏನೋ?"

"ಏನಿಲ್ಲ ಅಜ್ಜಿ."

"ಏನಿಲ್ದೆ ಇದ್ರೆ ಯಾಕೆ ಕರೆದೆ, ತರಲೆ?" ಆ ವಾರ ಅವಳಿಂದ ಒಂದು ಗುಂಡಿಯನ್ನೂ ನೆಟ್ಟಗೆ ಹೊಲಿಯಲಾಗಲಿಲ್ಲ.

ವಾರದ ಕೊನೆಗೆ ಮೇಸ್ತ್ರಿ ಬಂದು ಗಿಡ್ಡ ಬೆಂಚಿನ ಮೇಲೆ ಕೂತ. ಪಟಾಕಿಯ ಅಮ್ಮ ಬಾಗಿಲಲ್ಲಿ ನಿಂತಳು. ಅಂಗಳದಾಚೆ ಮಗ್ಗಗಳು ಗಡಗಡ ಎನ್ನುತ್ತಿದ್ದವು. ಹುಡುಗಿ ಅವನ ಹಿಂದೆ ಹೋದಳು. ಮುಷ್ಟಿ ಮೇಲೆದ್ದಿತು.

ಗುಂಡಿಯಮ್ಮನ ಸೂಜಿ ನಿಂತಿತು. ಕೂಗಿಬಿಡೋಣ ಎಂದು ನಾಲಿಗೆಯ ತುದಿಗೆ ಬಂತು. ಕೂಗಲಿಲ್ಲ. ಗುಂಡಿಯಮ್ಮನ ಬೆನ್ನಿನ ಮೇಲೆ ಕಲಿತದ್ದನ್ನು ಇನ್ನೊಬ್ಬರ ಬೆನ್ನಿನ ಮೇಲೂ ಹುಡುಗಿಯೇ ಮಾಡಬೇಕಿತ್ತು.

ಮುಷ್ಟಿ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಬಿಚ್ಚಿಕೊಂಡಿತು. ಅಂಗೈ ಮೇಸ್ತ್ರಿಯ ಹೆಗಲ ಮೇಲೆ ಕೂತಿತು.

ಅವನು ತಿರುಗಿದ. ಹುಡುಗಿ ಬಾಯಿ ಆಡಿಸಿದಳು. ಅಭ್ಯಾಸಬಲದಿಂದ ಅವನ ಬಾಯಿಯೂ ಹಾಗೆಯೇ, ಸ್ವರವಿಲ್ಲದೆ, ಆಡಿತು. ಮತ್ತೆ ಇವಳು, ಮತ್ತೆ ಅವನು. ಕಿವಿ ಕೇಳದ ಮುದುಕನೂ ಆ ಮಗುವೂ ಎಷ್ಟೋ ಹೊತ್ತು ಮಾತಾಡಿದರು. ಕಿವಿ ನೆಟ್ಟಗಿದ್ದ ಗುಂಡಿಯಮ್ಮನಿಗೆ ಒಂದಕ್ಷರ ತಿಳಿಯಲಿಲ್ಲ.

"ಏನಂತೆ?" ಎಂದು ಕಡೆಗೆ ಅವನ ಮುಖದೆದುರು ಹೋಗಿ ಕೇಳಿದಳು.

"ದುಂಡನ ತುಟಿ ಒಣಗಿತಾ ಅಂತ ಕೇಳ್ತಾಳೆ, ಕಳ್ಳಿ," ಎಂದು ಮೇಸ್ತ್ರಿ ಕೋಣೆ ಅದುರುವ ಹಾಗೆ ಹೇಳಿದ. "ಅವನನ್ನೇ ಕೇಳು ಅಂದೆ. ಕರೆದ್ರೆ ಓಡಿಹೋಗ್ತಾನೆ ಅಂತಾಳೆ. ಓಡದೆ ಏನು ಮಾಡ್ತಾನೆ!" ಎದ್ದು ನಿಂತು ಮೊಳೆಗಳ ಕಡೆ ನೋಡಿದ. "ಕರಿಗುಂಡಿ ಇರ್ಲಿ, ಅಕ್ಕಾ. ಆದ್ರೆ ಕಚ್ಚೋದು ನಿಲ್ಬೇಕು."

"ನಿಲ್ಲುತ್ತೆ. ನಾಳೇನೇ ನಿಲ್ಲುತ್ತೆ ಅಂತ ನಾನು ಹೇಳೋದಿಲ್ಲ."

ಬಾಗಿಲಲ್ಲಿದ್ದ ಅಮ್ಮ ಮಗ್ಗಕ್ಕೆ ಹೊರಟುಹೋದಳು. ಅಂಗಳದ ನಡುವೆ ಒಮ್ಮೆ ನಿಂತು ಮುಖ ಒರೆಸಿಕೊಂಡಳು. ಗುಂಡಿಯಮ್ಮ ಎದ್ದು, ಸಡಿಲವಾಗಿದ್ದ ಕರಿಗುಂಡಿಗೆ ಜೋಡಿ ದಾರ ಹಾಕಿ ಬಿಗಿದಳು.

ಕಚ್ಚುವುದು ನಾಳೆ ನಿಲ್ಲಲಿಲ್ಲ, ನಾಡಿದ್ದೂ ನಿಲ್ಲಲಿಲ್ಲ. ಕಡಿಮೆಯಾಗುತ್ತ ಬಂತು. ದುಂಡನಂತೂ ಅವಳ ನೆರಳು ಕಂಡರೂ ಕಂಡಿಕೆಯ ರೈಲು ಬಿಟ್ಟು ಓಡುತ್ತಿದ್ದ. ಪಟಾಕಿ ಅವನ ಹಿಂದೆ ಅಂಗೈ ಚಾಚಿ, ಮುಟ್ಟದೆ, ನಿಂತೇ ಇರುತ್ತಿದ್ದಳು. ಗುಂಡಿಯಮ್ಮ ನಡುವೆ ಹೋಗಲಿಲ್ಲ. ತಿರುಗುವುದೂ ಬಿಡುವುದೂ ಪೆಟ್ಟು ತಿಂದವನಿಗೆ ಸೇರಿದ್ದು.

ಒಂದು ದಿನ ಅವನು ಓಡಲಿಲ್ಲ. ಅಂಗೈ ಹೆಗಲಿಗೆ ತಾಗಿತು. ಗಾಯದ ಗೆರೆ ಇನ್ನೂ ಕಾಣುತ್ತಿದ್ದ ತುಟಿಗೆ ಕೈ ಅಡ್ಡ ಹಿಡಿದುಕೊಂಡು ತಿರುಗಿ ಕೇಳಿದ.

"ಏನೇ?"

ಅಷ್ಟು ದಿನ ಕಾದು ಕರೆದವಳಿಗೆ ಏನು ಹೇಳಬೇಕೆಂದಿದ್ದೆನೆಂಬುದೇ ಮರೆತುಹೋಗಿತ್ತು. ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ನಿಂತಳು. ಆಮೇಲೆ ಮಗ್ಗಗಳು ಗಡಗಡ ಎನ್ನುತ್ತಿದ್ದರೂ ಕೋಣೆಗೆಲ್ಲ ಕೇಳುವ ಹಾಗೆ, ಸ್ವರವೆತ್ತಿ ಹೇಳಿದಳು.

"ಏನಿಲ್ಲ."