ಕನ್ನಡಕದಂಗಡಿಯ ವೆಬ್‌ಸೈಟ್

ಮೂಡಿಗೆರೆಯಲ್ಲಿ ನಾನು ಮೊದಲು ಮಾಡುತ್ತಿದ್ದುದು ಡಿಟಿಪಿ ಕೆಲಸ. ಬಸ್ ನಿಲ್ದಾಣದ ಹತ್ತಿರ ಒಂದು ಮಹಡಿ ಕೋಣೆ ಹಿಡಿದು, ಮದುವೆ ಕಾಗದ, ಬಿಲ್ ಪುಸ್ತಕ, ಪಂಚಾಯಿತಿಗೆ ಕೊಡುವ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಿದ್ದೆ. ಜನ ಮದುವೆಯ ಕರೆಯೋಲೆಯನ್ನೂ ವಾಟ್ಸ್ಯಾಪಿನಲ್ಲೇ ಕಳಿಸಲು ಶುರುಮಾಡಿದ ಮೇಲೆ ಕೆಲಸ ಕಡಿಮೆಯಾಯಿತು. ಆಗ ವಿಡಿಯೊಗಳನ್ನು ನೋಡಿಕೊಂಡು ವೆಬ್‌ಸೈಟ್ ಮಾಡುವುದನ್ನು ಕಲಿತೆ. ಮೊದಲು ಒಂದು ಹೋಮ್‌ಸ್ಟೇಗೆ, ಆಮೇಲೆ ಕಾಫಿಪುಡಿ ಅಂಗಡಿಗೆ, ಜೀಪು ಬಾಡಿಗೆಗೆ ಕೊಡುವವರಿಗೆ ಮಾಡಿಕೊಟ್ಟೆ. ನನಗೆ ಎದುರು ಕೂತು ಕಲಿಸಿದವರು ಇರಲಿಲ್ಲ. ತಪ್ಪು ತೋರಿಸುವವರೂ ಇರಲಿಲ್ಲ. ಮಾಡಿಸಿಕೊಂಡವರು ಒಂದು ಸಲ ತೆರೆದು ನೋಡಿ, ತಮ್ಮ ಹೆಸರು ಸರಿಯಾಗಿದೆಯೇ ಎಂದು ಪರೀಕ್ಷಿಸಿ, ಚೆನ್ನಾಗಿದೆ ಎಂದು ಹೋಗುತ್ತಿದ್ದರು.

ಕನ್ನಡಕದಂಗಡಿಯವರು ಬಂದದ್ದು ಆ ದಿನಗಳಲ್ಲಿ. ತಂದೆಯ ಕಾಲದಿಂದ ಪೇಟೆಯಲ್ಲಿ ವ್ಯಾಪಾರ ಮಾಡಿಕೊಂಡು ಬಂದವರು, ಹಣೆಯಲ್ಲಿ ವಿಭೂತಿ, ಮಾತು ಮೆಲ್ಲಗೆ. ಅವರ ಮಗಳ ಮದುವೆ ಕಾಗದ ಮಾಡಿಕೊಟ್ಟವಳು ನಾನೇ. ಆ ಸಲುಗೆಯಲ್ಲಿ ಮೆಟ್ಟಿಲು ಹತ್ತಿ ಬಂದು, ಬೆಂಗಳೂರಿನ ಯಾವುದೋ ದೊಡ್ಡ ಅಂಗಡಿಯ ಪುಟವನ್ನು ತಮ್ಮ ಫೋನಿನಲ್ಲಿ ತೋರಿಸಿದರು.

"ನೋಡಮ್ಮ, ನಮ್ಮದೂ ಹಿಂಗೇ ಕಾಣ್ಬೇಕು. ಅಂಗಡಿ ಸಣ್ಣದಾದ್ರೂ ಫೋನಲ್ಲಿ ದೊಡ್ಡದಾಗಿ ಕಾಣ್ಲಿ."

ನಾನು ಮೂರು ವಾರ ಅದರ ಮೇಲೆ ಕೂತೆ. ಅಲ್ಲಿಯವರೆಗೆ ಮಾಡಿದ ಯಾವ ಕೆಲಸವೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ. ದೇವರಮನೆ ಗುಡ್ಡದ ಮೇಲೆ ನಾನೇ ತೆಗೆದ ಒಂದು ಚಿತ್ರವಿತ್ತು, ಬೆಳಗಿನ ಮಂಜಿನಲ್ಲಿ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ಬೆಟ್ಟಗಳು. ಅದನ್ನು ಪುಟದ ತುಂಬ ಹಾಕಿದೆ. ಅದರ ಮೇಲೆ ಕಪ್ಪು ಅಕ್ಷರ ಒರಟಾಗಿ ಕಂಡಿತು. ಅಕ್ಷರವನ್ನು ತೆಳ್ಳಗೆ ಮಾಡಿದೆ, ಬಣ್ಣವನ್ನು ಬೂದಿಗೆ ತಿರುಗಿಸಿದೆ. ಅಂಗಡಿ ತೆರೆಯುವ ಹೊತ್ತು, ವಾರದ ರಜೆ, ಇವೆಲ್ಲ ಚಿತ್ರದ ಅಂದ ಕೆಡಿಸುತ್ತಿದ್ದವು. ಅವನ್ನು ಅತ್ಯಂತ ಸಣ್ಣ ಅಕ್ಷರದಲ್ಲಿ ಕೆಳಗೆ ತಳ್ಳಿದೆ. ಫೋನ್ ನಂಬರನ್ನು ಚಿತ್ರದೊಳಗೇ ಸೇರಿಸಿಬಿಟ್ಟೆ. ಬೆರಳಿನಿಂದ ಹಿಗ್ಗಿಸಿದರೆ ಸಾಲುಗಳು ಚೆಲ್ಲಾಪಿಲ್ಲಿಯಾಗುತ್ತಿದ್ದವು, ಆದ್ದರಿಂದ ಹಿಗ್ಗಿಸಲಾಗದಂತೆ ಬಂದ್ ಮಾಡಿದೆ. ಅಂಗಡಿಯ ಯಜಮಾನರು ನನ್ನ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನೋಡಿ, "ನಮ್ಮ ಅಂಗಡಿನಾ ಇದು" ಎಂದರು. ಆ ಮಾತನ್ನು ನಾನು ಮನೆಯಲ್ಲಿ ಎರಡು ಮೂರು ಸಲ ಹೇಳಿಕೊಂಡೆ.

ನಾಲ್ಕೈದು ತಿಂಗಳ ನಂತರದ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಕೊರಿಯರ್ ಹಾಕಿ ವಾಪಸು ಬರುತ್ತಿದ್ದೆ. ಕನ್ನಡಕದಂಗಡಿಯ ಷಟರ್ ಮುಚ್ಚಿತ್ತು. ಅದರ ಮುಂದಿನ ಕಟ್ಟೆಯ ಮೇಲೆ ವಯಸ್ಸಾದ ಗಂಡಹೆಂಡತಿ ಕೂತಿದ್ದರು. ಆಕೆ ಕಣ್ಣಿಗೆ ಆಪರೇಷನ್ ಆದವರಿಗೆ ಕೊಡುವ ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಗಂಡ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಫೋನನ್ನು ಮುಖದ ಹತ್ತಿರ ಹಿಡಿದಿದ್ದರು.

"ಇವತ್ತು ಅಂಗಡಿ ತೆಗೆಯಲ್ವಾ?" ಎಂದು ನನ್ನನ್ನೇ ಕೇಳಿದರು.

"ಮಂಗಳವಾರ ರಜೆ" ಎಂದೆ.

"ಹೌದಾ. ಫೋನಲ್ಲಿ ನೋಡ್ಕೊಂಡೇ ಬಂದಿದ್ವಲ್ಲ. ಅದ್ರಲ್ಲಿ ಎಂತದೂ ಹಾಕಿರ್ಲಿಲ್ಲ."

ಹಾಕಿದೆ ಎಂದು ಬಾಯಿಗೆ ಬಂತು. ಅವರ ಫೋನು ತೆಗೆದುಕೊಂಡು ಪುಟವನ್ನು ಕೆಳಗಿನವರೆಗೆ ಸರಿಸಿದೆ. ಬಿಸಿಲಿಗೆ ಪರದೆ ಬೆಳ್ಳಗಾಗಿತ್ತು. ಎಲ್ಲಿದೆ ಎಂದು ನನಗೆ ಗೊತ್ತಿದ್ದುದರಿಂದ ಬೆರಳಿಟ್ಟು ತೋರಿಸಿದೆ. ಅವರು ಬಗ್ಗಿ ನೋಡಿದರು, ದೂರ ಹಿಡಿದು ನೋಡಿದರು, ಅಂಗೈ ಅಡ್ಡ ಹಿಡಿದು ನೆರಳು ಮಾಡಿಕೊಂಡರು. ಎರಡು ಬೆರಳಿಟ್ಟು ಹಿಗ್ಗಿಸಲು ಹೋದರು. ಪುಟ ಅಲ್ಲಾಡಲಿಲ್ಲ. ಮತ್ತೆ ಹಿಗ್ಗಿಸಿದರು.

"ಬೇರೆಯವೆಲ್ಲ ದೊಡ್ಡದಾಗ್ತಾವೆ. ಇದೊಂದು ಹಟ ಮಾಡ್ತದೆ" ಎಂದರು.

"ಕನ್ನಡಕ ಮಾರೋರಲ್ವಾ, ಕನ್ನಡಕ ಹಾಕ್ಕೊಂಡೇ ಓದ್ಲಿ ಅಂತ ಬರೆಸಿರ್ತಾರೆ ಬಿಡಿ" ಎಂದರು ಹೆಂಡತಿ. ಆ ಮಾತಿನಲ್ಲಿ ಕುಹಕವಿರಲಿಲ್ಲ. ಇದ್ದರೂ ಇರಬಹುದು ಎಂದು ನಿಜವಾಗಿ ನಂಬಿದವರಂತೆ ಹೇಳಿದರು.

ಅವರು ಕಳಸದಿಂದಲೂ ಆಚೆ, ಕುದುರೆಮುಖದ ದಾರಿಯಲ್ಲಿರುವ ಒಂದು ಊರಿನವರು. ಬೆಳಿಗ್ಗೆ ಬೇಗ ಎದ್ದು, ಕಳಸದವರೆಗೆ ಜೀಪಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಆ ತಿರುವುಗಳನ್ನೆಲ್ಲ ಹಾದು ಬಂದಿದ್ದರು. ದಾರಿಯಲ್ಲಿ ಹೆಂಡತಿಗೆ ಎರಡು ಸಲ ವಾಂತಿಯಾಗಿತ್ತು. ಪಕ್ಕದ ಮನೆಯ ಹುಡುಗಿ ಈ ಅಂಗಡಿ ಒಳ್ಳೆಯದೆಂದು ಲಿಂಕ್ ಕಳಿಸಿದ್ದಳಂತೆ. ಹೊರಡುವ ಮುಂಚೆ ಫೋನ್ ಮಾಡಿ ಕೇಳೋಣವೆಂದು ನಂಬರನ್ನು ಚೀಟಿಗೆ ಬರೆದುಕೊಂಡರಂತೆ.

"ಕೊನೇದು ಎಂಟೋ ಮೂರೋ ಗೊತ್ತಾಗ್ಲಿಲ್ಲ. ಮೂರು ಅಂತ ಒತ್ತಿದೆ, ಚಿತ್ರದುರ್ಗದವ್ರು ಯಾರೋ ಎತ್ತಿದ್ರು. ಒಳ್ಳೇ ಜನ. ಆಪರೇಷನ್ ಹೆಂಗಾಯ್ತು ಅಂತೆಲ್ಲ ವಿಚಾರಿಸ್ಕೊಂಡ್ರು."

ನಾನು ಯಜಮಾನರಿಗೆ ಫೋನ್ ಮಾಡಿದೆ. ಅವರು ನೆಂಟರ ಮನೆಯ ಗೃಹಪ್ರವೇಶಕ್ಕೆ ಚಿಕ್ಕಮಗಳೂರಿಗೆ ಹೋಗಿದ್ದರು. "ಅಯ್ಯೋ ಪಾಪ. ಗುರುವಾರ ಬರಕ್ಕೇಳು, ಎಷ್ಟೊತ್ತಾದ್ರೂ ಕಾಯ್ತೀನಿ" ಎಂದರು. ಕಳಸದ ಬಸ್ಸಿಗೆ ಇನ್ನೂ ಸಮಯವಿತ್ತು. ಆಕೆಗೆ ನನ್ನ ಕೋಣೆಯ ಮೆಟ್ಟಿಲು ಹತ್ತುವುದು ಕಷ್ಟವೆಂದು ಇಬ್ಬರನ್ನೂ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದೆ. ಆ ಪುಟ ಮಾಡಿದವಳು ನಾನೇ ಎಂದು ಇನ್ನೂ ಹೇಳಿರಲಿಲ್ಲ. ಹೇಳದೆಯೇ ಬಸ್ಸು ಹತ್ತಿಸಿಬಿಡಬಹುದು ಎಂದೂ ಯೋಚಿಸುತ್ತಿದ್ದೆ.

ಕಾಫಿ ಬರುವಷ್ಟರಲ್ಲಿ ಗಂಡನ ಕೆಲಸದ ಮಾತು ಬಂತು. ಅವರು ಒಂದು ಎಸ್ಟೇಟಿನಲ್ಲಿ ರೈಟರ್ ಆಗಿ ನಿವೃತ್ತರಾದವರು. ಆಳುಗಳ ಹಾಜರಿ ಬರೆಯುವುದು, ನಾಳೆ ಯಾರಿಗೆ ಎಲ್ಲಿ ಕೆಲಸವೆಂದು ಬೋರ್ಡಿನ ಮೇಲೆ ಬರೆಯುವುದು ಅವರ ಪಾಲಿನ ಕೆಲಸ.

"ನನ್ನ ಅಕ್ಷರ ಚಂದ ಅಂತ ಎಲ್ರೂ ಹೇಳೋರು" ಎಂದರು. "ನಾನೂ ಹಂಗೇ ಬಾಲ ಕೊಂಬು ಎಲ್ಲ ಎಳೆದು ಬಳ್ಳಿ ತರ ಬರೀತಿದ್ದೆ. ಒಂದಿನ ಅರ್ಧ ಜನ ಬೇರೆ ಕಡೆ ಕೆಲಸಕ್ಕೆ ಹೋಗ್ಬಿಟ್ರು. ತೋಟದ ದೊರೆಗಳು ಅವ್ರಿಗೇ ಬೈದ್ರು, ಬೋರ್ಡ್ ನೋಡಕ್ಕೆ ಬರಲ್ವ ಅಂತ. ನಾನು ಸುಮ್ಮನಿದ್ದೆ."

"ಆಮೇಲೆ?"

"ಆಮೇಲೆ ಎಂತ. ಅವ್ರು ಬೆಳಿಗ್ಗೆ ನಿಲ್ಲೋ ಜಾಗದಲ್ಲಿ ಹೋಗಿ ನಿಂತು ನೋಡ್ದೆ. ನಾನೇ ಬರ್ದಿದ್ದು ನಂಗೇ ಓದಕ್ಕಾಗ್ಲಿಲ್ಲ. ಆವತ್ತಿಂದ ಸೀದಾ ಬರೆದೆ. ಆದ್ರೆ ತಪ್ಪು ನಂದು ಅಂತ ಅವ್ರ ಹತ್ರ ಯಾವತ್ತೂ ಹೇಳ್ಲಿಲ್ಲ. ಬೈಸ್ಕೊಂಡೋರಲ್ಲಿ ಈಗ ಎಷ್ಟು ಜನ ಇದಾರೋ."

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಾಫಿಯನ್ನೇ ನೋಡುತ್ತಿದ್ದರು.

"ರೈಟ್ರೇ, ಆ ಪುಟ ಮಾಡಿದ್ದು ನಾನೇ" ಎಂದೆ.

ಹೆಂಡತಿ ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದರು. ರೈಟರ್ ಲೋಟ ಕೆಳಗಿಟ್ಟರು. ಬೈಯುತ್ತಾರೇನೋ ಎಂದುಕೊಂಡೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಹೌದಾ" ಎಂದರು. "ಹಂಗಾದ್ರೆ ಒಂದು ಕಾಗದ ತಗೊಳ್ಳಿ. ಹೇಳ್ತೀನಿ."

ಕಾಗದ ಹೋಟೆಲಿನವರೇ ಕೊಟ್ಟರು. ಜೇಬಿನ ಪೆನ್ನನ್ನು ರೈಟರ್ ಕೊಟ್ಟರು. ಎಸ್ಟೇಟಿನ ಗೋದಾಮು ಪರೀಕ್ಷಿಸುವವರಂತೆ ಮೇಲಿನಿಂದ ಕೆಳಗೆ ಒಂದೊಂದನ್ನೂ ಹೇಳುತ್ತ ಹೋದರು. ಅಕ್ಷರ, ರಜೆ, ನಂಬರು ಆದವು. ಪುಟದ ನಡುವೆ ಒತ್ತುವ ಒಂದು ಗುಂಡಿಯ ಮೇಲೆ ನಾನು 'ವಿಚಾರಣೆ ಸಲ್ಲಿಸಿ' ಎಂದು ಬರೆದಿದ್ದೆ. ಎಲ್ಲಿಂದಲೋ ಎತ್ತಿಕೊಂಡ ಮಾತು.

"ಇದನ್ನ ಒತ್ತಕ್ಕೆ ಹೆದ್ರಿಕೆ ಆಯ್ತು" ಎಂದರು. "ವಿಚಾರಣೆ ಅಂದ್ರೆ ಪೊಲೀಸ್ ಸ್ಟೇಷನ್ ನೆನಪಾಗ್ತದೆ. ಇಲ್ಲಿ ಕೇಳಿ ಅಂತ ಬರೆದ್ರೆ ಎಂತ ಹೋಗ್ತದೆ?"

ಆಮೇಲೆ ಚಿತ್ರದ ಮಾತಿಗೆ ಬಂದರು. "ನಮ್ಮೂರಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಇದನ್ನ ತೆಗೆದ್ರೆ ಮೊದ್ಲು ಮೇಲಿಂದ ಬರೀ ಮಂಜು ಬರ್ತದೆ. ಅದು ಪೂರ್ತಿ ಬರೋ ತಂಕ ಮಂಜು ನೋಡ್ಕೊಂಡು ಕೂತ್ಕೋಬೇಕು."

"ಆಪರೇಷನ್‌ಗೆ ಮುಂಚೆ ನಂಗೆ ಎಲ್ಲಾ ಹಂಗೇ ಕಾಣ್ತಿದ್ದಿದ್ದು" ಎಂದರು ಹೆಂಡತಿ. "ಇವ್ರು ಫೋನ್ ತೋರ್ಸಿ ಓದು ಅಂದಾಗ ಪೊರೆ ಇನ್ನೂ ಹೋಗಿಲ್ವೇನೋ ಅಂದ್ಕೊಂಡೆ. ಆವತ್ತು ಊಟ ಸೇರ್ಲಿಲ್ಲ."

ಇದನ್ನು ನಾನು ಕಾಗದದ ಮೇಲೆ ಬರೆದುಕೊಳ್ಳಲಿಲ್ಲ. ಬರೆದುಕೊಂಡವೆಲ್ಲ ಆ ವಾರವೇ ಮರೆತಿರಬಹುದು, ಈ ಮಾತು ಮಾತ್ರ ಇವತ್ತಿಗೂ ಕೇಳಿಸುತ್ತದೆ. ನಾನು ಮೂರು ವಾರ ಕೂತು, ಪ್ರೀತಿಯಿಂದ, ಯಾರೋ ಒಬ್ಬರ ಕಣ್ಣಿನ ಪೊರೆಯನ್ನೇ ಮತ್ತೆ ಚಿತ್ರಿಸಿದ್ದೆ. ಅವರಿಗೆ ಕನ್ನಡಕ ಕೊಡುವ ಅಂಗಡಿಯ ಬಾಗಿಲಲ್ಲೇ ಅದನ್ನು ತೂಗುಹಾಕಿದ್ದೆ.

ಇಬ್ಬರನ್ನೂ ಬಸ್ಸು ಹತ್ತಿಸಿ ಬಂದು ಅವತ್ತೇ ಕೆಲಸಕ್ಕೆ ಕೂತೆ. ಬಿಳಿ ಪುಟ, ದಪ್ಪ ಕಪ್ಪು ಅಕ್ಷರ. ಮೇಲೆಯೇ ಮಂಗಳವಾರ ರಜೆ ಎಂಬ ಸಾಲು. ಅದರ ಕೆಳಗೆ ಒತ್ತಿದರೆ ಫೋನ್ ಹೋಗುವಂಥ ನಂಬರು. ಬೆಟ್ಟದ ಚಿತ್ರವನ್ನು ತೆಗೆಯುವಾಗ ಮನಸ್ಸಿಗೆ ಕಸಿವಿಸಿಯಾಯಿತು. ಸುಳ್ಳು ಹೇಳಬಾರದು, ಹೊಸ ಪುಟ ನನಗೇ ಇಷ್ಟವಾಗಲಿಲ್ಲ.

ಬುಧವಾರ ಅಂಗಡಿಗೆ ಹೋಗಿ ಯಜಮಾನರಿಗೆ ತೋರಿಸಿದೆ. ಅವರ ಮುಖ ಸಪ್ಪಗಾಯಿತು.

"ಇದೇನಮ್ಮ, ರೇಷನ್ ಅಂಗಡಿ ಬೋರ್ಡಿನ ತರ ಮಾಡಿಟ್ಟಿದೀಯ. ಮೊದಲಿಂದೇ ಚಂದ ಇತ್ತು. ಬೆಂಗಳೂರಿನ ನಮ್ಮ ಅಳಿಯಂದಿರೂ ಹೊಗಳಿದ್ರು."

ಗೋಡೆಯ ಮೇಲೆ ಕಣ್ಣು ಪರೀಕ್ಷೆಯ ಅಕ್ಷರದ ಹಲಗೆ ಇತ್ತು. ಎಷ್ಟೋ ವರ್ಷದಿಂದ ಜನರನ್ನು ಆ ಕುರ್ಚಿಯಲ್ಲಿ ಕೂರಿಸಿ, ಇದು ಕಾಣುತ್ತದೆಯೇ, ಇದು ಕಾಣುತ್ತದೆಯೇ ಎಂದು ಕೇಳುತ್ತ ಬಂದವರು ಅವರು.

"ಅಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕನ್ನಡಕ ತೆಗೆದು ಆ ಕುರ್ಚೀಲಿ ಒಂದ್ಸಲ ಕೂತ್ಕೊಳ್ಳಿ" ಎಂದೆ.

ಅವರು ನಕ್ಕು ಕೂತರು. ನಾನು ಹಳೆಯ ಪುಟವನ್ನು ಫೋನಿನಲ್ಲಿ ತೆರೆದು ಅವರ ಕೈಗೆ ಕೊಟ್ಟು, ರಜೆ ಯಾವತ್ತು ಎಂದು ಹುಡುಕಿ ಎಂದೆ. ತಮ್ಮ ಅಂಗಡಿಯ ರಜೆ ಅವರಿಗೆ ಗೊತ್ತಿಲ್ಲವೇ, ಆದರೂ ಪಾಪ, ನಿಯತ್ತಿನಿಂದ ಹುಡುಕಿದರು. ರೈಟರ್ ಮಾಡಿದ್ದನ್ನೇ ಮಾಡಿದರು: ದೂರ ಹಿಡಿದರು, ಹತ್ತಿರ ತಂದರು, ಎರಡು ಬೆರಳು ಇಟ್ಟರು. ಆಮೇಲೆ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲಾಚೆ ನೋಡುತ್ತ ಕೂತರು.

"ಇಷ್ಟು ದಿನದಲ್ಲಿ ಎಷ್ಟು ಜನ ಹಿಂಗೆ ಬಂದು ತಿರುಗಿ ಹೋಗಿದಾರೋ" ಎಂದರು.

ನನಗೂ ಗೊತ್ತಿರಲಿಲ್ಲ. ತಿರುಗಿ ಹೋದವರು ಹೇಳಿ ಹೋಗುವುದಿಲ್ಲ.

"ಹೊಸದನ್ನೇ ಹಾಕು. ಆ ರಜೆ ಇನ್ನೊಂಚೂರು ದೊಡ್ಡದಿರ್ಲಿ" ಎಂದು ಎದ್ದರು.

ಗುರುವಾರ ಯಜಮಾನರು ಹೇಳಿದಂತೆ ಕಾದರು. ದಂಪತಿ ಬಂದಾಗ ಮಧ್ಯಾಹ್ನವಾಗಿತ್ತು. ಕಣ್ಣು ನೋಡಿ, ತಾತ್ಕಾಲಿಕ ಗಾಜುಗಳನ್ನು ಪರೀಕ್ಷೆಯ ಭಾರದ ಫ್ರೇಮಿನಲ್ಲಿ ಒಂದೊಂದೇ ಬದಲಿಸುತ್ತ ಯಜಮಾನರು ಕೇಳುತ್ತಿದ್ದರೆ ಆಕೆ ಉತ್ತರಿಸುತ್ತಿದ್ದರು. ಒಂದು ಗಾಜಿಗೆ ಬಂದಾಗ ಆಕೆ ಹಲಗೆಯ ಕಡೆ ನೋಡುವುದನ್ನು ಬಿಟ್ಟು, ಮೂಲೆಯಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು.

"ಇವ್ರೇನಾ ಮೊನ್ನೆ ಕಾಫಿ ಕೊಡ್ಸಿದೋರು? ಧ್ವನಿ ಕೇಳಿ ನನ್ನ ವಯಸ್ಸಿನೋರು ಅಂದ್ಕೊಂಡಿದ್ದೆ, ಮಾರಾಯ್ತಿ."

ಎಲ್ಲರೂ ನಕ್ಕೆವು. ಕನ್ನಡಕ ಸಿದ್ಧವಾದ ಮೇಲೆ ಮತ್ತೆ ಅವರನ್ನು ಬಸ್ಸಿನಲ್ಲಿ ಅಲೆದಾಡಿಸುವುದು ಬೇಡವೆಂದು, ಯಜಮಾನರು ಕಳಸದ ಕಡೆ ಹೋಗುವ ಪರಿಚಯದವರ ಜೀಪಿನಲ್ಲಿ ಅದನ್ನು ಮನೆಗೇ ಕಳಿಸಿಕೊಟ್ಟರು.

ಆಮೇಲೆ ನಾನು ಹಳೆಯ ಗಿರಾಕಿಗಳ ಪುಟಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ಕಾಫಿಪುಡಿ ಅಂಗಡಿಯ ಪುಟದಲ್ಲಿ ಅಂಗಡಿ ಯಾವ ಬೀದಿಯಲ್ಲಿದೆ ಎಂಬುದನ್ನೇ ಬರೆದಿರಲಿಲ್ಲ. ಊರಿನವರಿಗೆಲ್ಲ ಗೊತ್ತಲ್ಲ ಎಂದು ಬಿಟ್ಟಿದ್ದೆ. ಜೀಪಿನವರ ಪುಟದಲ್ಲಿ ಸೇತುವೆ ಕೆಟ್ಟು ನಿಂತುಹೋದ ಒಂದು ದಾರಿ ಇನ್ನೂ ಹಾಗೇ ಇತ್ತು. ದುಡ್ಡು ಕೇಳದೆ ತಿದ್ದಿಕೊಟ್ಟೆ. ಕೆಲವರಿಗೆ ತಿದ್ದಿದ್ದೇ ಗೊತ್ತಾಗಲಿಲ್ಲ. ಬೇರೆ ಕೆಲಸಕ್ಕೆ ಕಳಸಕ್ಕೆ ಹೋದಾಗ ರೈಟರ ಮನೆಗೂ ಹೋಗಿ ಬರುತ್ತೇನೆ. ಹೊಸ ಪುಟವೇನಾದರೂ ಇದ್ದರೆ ಅವರ ಫೋನಿನಲ್ಲೇ ತೆರೆಯುತ್ತೇನೆ. ಹೆಂಡತಿ ಈಗ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದುತ್ತಾರೆ, ಅರ್ಥವಾಗದಲ್ಲಿ ನಿಲ್ಲಿಸುತ್ತಾರೆ. ನಿಲ್ಲಿಸಿದ ಜಾಗಕ್ಕೆ ನಾನು ಗುರುತು ಹಾಕಿಕೊಳ್ಳುತ್ತೇನೆ.

ಎಲ್ಲರನ್ನೂ ಒಪ್ಪಿಸಲು ಆಗಿಲ್ಲ. ಇತ್ತೀಚೆಗೆ ಹೊಸದಾಗಿ ಹೋಮ್‌ಸ್ಟೇ ಕಟ್ಟಿಸಿದ ಒಬ್ಬರು, ಕಪ್ಪು ಪುಟದ ಮೇಲೆ ಚಿನ್ನದ ಬಣ್ಣದ ಓರೆ ಅಕ್ಷರ ಬೇಕು, ತೆರೆದ ಕೂಡಲೇ ಕೊಳಲು ಕೇಳಬೇಕು ಎಂದರು. ನಾನು ನಿಮ್ಮ ಅಮ್ಮನ ಫೋನಿನಲ್ಲಿ ಒಮ್ಮೆ ನೋಡೋಣ ಎಂದೆ. "ನಮ್ಮಮ್ಮ ಬಂದು ಉಳ್ಕೊಳಲ್ಲ ಮೇಡಂ, ಬೆಂಗಳೂರಿನೋರು ಬರೋದು" ಎಂದು ನಕ್ಕರು. ಚಿಕ್ಕಮಗಳೂರಿನ ಬೇರೊಬ್ಬರ ಹತ್ತಿರ ಮಾಡಿಸಿಕೊಂಡರು. ಮೊನ್ನೆ ಅದನ್ನು ತೆರೆದು ನೋಡಿದೆ. ನಿಜ ಹೇಳಬೇಕೆಂದರೆ, ನೋಡಲು ಬಹಳ ಚೆನ್ನಾಗಿದೆ. ನನ್ನ ಕೈಯಲ್ಲಿ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ. ಕೊಳಲು ಎರಡು ಸುತ್ತು ಮುಗಿದ ಮೇಲೆ, ಅಲ್ಲಿಗೆ ಹೋಗುವ ದಾರಿ ಯಾವುದೆಂದು ನಾನು ಇನ್ನೂ ಹುಡುಕುತ್ತಿದ್ದೆ.