ಗೆದ್ದ ಪಂದ್ಯದ ವರದಿ

ಮೊನ್ನೆ ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತವರೊಬ್ಬರು ಮೊಣಕಾಲಿಗೆ ನೋವಿನ ಮುಲಾಮು ಉಜ್ಜಿಕೊಳ್ಳುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಭದ್ರಾವತಿಯ ಓಲ್ಡ್ ಟೌನಿನ ನಮ್ಮ ಫುಟ್‌ಬಾಲ್ ತಂಡ ನೆನಪಾಯಿತು. ನಾನು ಆಟಗಾರನಾಗಿದ್ದೆ ಎಂದುಕೊಂಡಿರಾ? ಚೆಂಡು ನನ್ನ ಕಡೆ ಬಂದರೆ ದಾರಿ ಬಿಟ್ಟುಕೊಡುವಷ್ಟು ಸೌಜನ್ಯ ನನ್ನದು. ಹಾಗಾಗಿ ಅಭಿಮಾನಿಯಾದೆ.

ನಮ್ಮಂಥವರೇ ಕೆಲವರು ಸೇರಿ ಆನ್‌ಲೈನಿನಲ್ಲಿ ‘ಕಾಲ್ಚೆಂಡು ಕಟ್ಟೆ’ ಎಂಬ ಪತ್ರಿಕೆ ಶುರು ಮಾಡಿದ್ದೆವು. ನಾನು ಸಂಪಾದಕ, ಅಂದರೆ ಮಾಚೇನಹಳ್ಳಿಯ ವರ್ಕ್‌ಶಾಪಿನಲ್ಲಿ ಕೆಲಸ ಮುಗಿಸಿ ಬಂದು ಕಾಗುಣಿತ ತಿದ್ದುವವನು. ಸೋತರೆ ರೆಫರಿಯನ್ನು ಬೈಯುವುದು, ಗೆದ್ದರೆ ನಮ್ಮವರನ್ನು ಹೊಗಳುವುದು, ಇದೇ ನಮ್ಮ ಧೋರಣೆ. ಕ್ಯಾಪ್ಟನ್ ಶೇಖರನ ಹೆಂಡತಿ ಉಮಾ ಪಂದ್ಯದ ವರದಿ ಬರೆಯತೊಡಗಿದ ಮೇಲೆ ಓದುವವರು ಹೆಚ್ಚಾದರು. ಆಕೆ ಕಂಡದ್ದನ್ನಷ್ಟೇ ಬರೆಯುತ್ತಿದ್ದಳು.

ಒಂದು ಭಾನುವಾರ ಶಿವಮೊಗ್ಗದ ತಂಡದೊಂದಿಗೆ ಫೈನಲ್. ಕೊನೆಯ ಗಳಿಗೆಯಲ್ಲಿ ಕಾರ್ನರ್ ಕಿಕ್, ಗೋಲಿನ ಮುಂದೆ ನೂಕುನುಗ್ಗಲು. ಶೇಖರ ಹಾರಿದ, ಚೆಂಡು ಒಳಗೆ! ರೆಫರಿ ಗೋಲೆಂದು ಸೀಟಿ ಊದಿದರು. ಶೇಖರನನ್ನು ಹೊತ್ತು ಕುಣಿದವರಲ್ಲಿ ನಾನೂ ಇದ್ದೆ.

ಸಂಜೆ ಉಮಾಳ ವರದಿ ಬಂತು. ‘ಗೆಲುವಿನ ಗೋಲು ಕ್ಯಾಪ್ಟನ್ ಅವರ ಬಲಗೈಗೆ ತಾಗಿ ಒಳಹೋಯಿತು. ನಾನು ಗೋಲಿನ ಹಿಂದೆಯೇ ನಿಂತಿದ್ದೆ.’ ಗಾಬರಿಯಾಗಿ ಫೋನ್ ಮಾಡಿದೆ.

“ಉಮಾ, ಆ ಸಾಲು ತೆಗೀಲಾ?”

“ಯಾಕಣ್ಣ, ಸುಳ್ಳಾ ಅದು?”

“ಸುಳ್ಳಲ್ಲ ಮಾರಾಯ್ತಿ. ಶೇಖರ ಏನಂತಾನೆ?”

“ಬರ್ದಿದೀನಿ ಅಂತ ಹೇಳ್ದೆ. ಆಗಿಂದ ಮಾತಿಲ್ಲ, ಊಟಾನೂ ಮಾಡಿಲ್ಲ. ಎದುರು ತಂಡದವ್ರು ಮಾಡಿದ್ರೆ ಬರೀತಿರ್ಲಿಲ್ವಾ? ಹಾಕೋದಾದ್ರೆ ಪೂರ್ತಿ ಹಾಕಿ. ಇಲ್ಲಾಂದ್ರೆ ಇನ್ನು ನಾನು ಬರೆಯಲ್ಲ.”

ಹಾಕಿದೆ. ನಮ್ಮವರೇ ಅವಳ ಮೇಲೆ ಮುಗಿಬಿದ್ದರು. ಗಂಡನ ಮಾನ ಕಳೆದವಳು ಎಂದು ಒಬ್ಬ ಬರೆದರೆ, ಉಳಿದವರು ಅದಕ್ಕಿಂತ ಕೆಳಗಿಳಿದರು. ಮರುದಿನ ವರ್ಕ್‌ಶಾಪಿನ ಗೇಟಿನ ಬಳಿ ಶೇಖರ ನಿಂತಿದ್ದ. ಹೊಡೆಯುತ್ತಾನೆಂದು ನಾನು ಊಟದ ಡಬ್ಬಿಯನ್ನು ಎದೆಗೆ ಅಡ್ಡ ಹಿಡಿದೆ.

“ವರದೀಲಿ ತಪ್ಪಿದೆ ಮಾರಾಯ,” ಅಂದ.

“ಏನದು?”

“ಬಲಗೈ ಅಲ್ಲ, ಎಡಗೈ. ಎದುರಿಂದ ನೋಡಿದಾಳಲ್ಲ, ಅದ್ಲುಬದ್ಲಾಗಿದೆ. ತಿದ್ದು. ನಾನೇ ಹೇಳ್ದೆ ಅಂತ್ಲೂ ಹಾಕು.”

ತಿದ್ದುಪಡಿ ಅವನ ಹೆಸರಿನಲ್ಲೇ ಬಂತು. ಬೈಗುಳ ಅಲ್ಲಿಗೆ ನಿಂತಿತು. ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಸ್ಕೂಟರಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಫೈನಲ್‌ನಲ್ಲಿ ಗೆದ್ದ ಕಪ್ಪನ್ನು ಆ ತಂಡಕ್ಕೆ ಕೊಟ್ಟುಬಂದರು. ಅವರು ಟೀ ಕುಡಿಸಿ ಕಳಿಸಿದರಂತೆ.

‘ಕಾಲ್ಚೆಂಡು ಕಟ್ಟೆ’ ಈಗಲೂ ನಡೆಯುತ್ತಿದೆ, ಉಮಾ ಈಗಲೂ ಬರೆಯುತ್ತಾಳೆ. ನಮ್ಮ ತಂಡ ಗೋಲು ಹೊಡೆದರೆ ನಾನು ಕೂಗುತ್ತೇನೆ, ಇಲ್ಲವೆಂದು ಹೇಳಲಾರೆ. ಆದರೆ ಕುಣಿಯುವ ಮೊದಲು ಒಮ್ಮೆ ಅವಳ ಮುಖ ನೋಡುತ್ತೇನೆ. ಆಟ ಬಿಟ್ಟು ಈಗ ನನ್ನ ಪಕ್ಕ ನಿಲ್ಲುವ ಶೇಖರನೂ ಅದನ್ನೇ ನೋಡುತ್ತಿರುತ್ತಾನೆ.